ಕೈಗೆ ಬಂದ ಬಿಳಿ ಕುದುರೆ

ನಾವು ನಾಲ್ವರು ಅದಕ್ಕೆ ಜೋಡಿ ಆಟ ಎನ್ನುತ್ತಿದ್ದೆವು. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆಯೇ ಹೆಸರಿದೆಯೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮಲ್ಲೊಬ್ಬರಾದ ಹೋಮಿಯೋಪತಿ ಡಾಕ್ಟರು ಬೆಂಗಳೂರಿನ ಟೂರ್ನಿಯೊಂದಕ್ಕೆ ಹೋಗಿದ್ದಾಗ, ಎರಡು ಸುತ್ತುಗಳ ನಡುವೆ ಅಲ್ಲಿಯ ಆಟಗಾರರು ಗಲಾಟೆ ಮಾಡಿಕೊಂಡು ಆಡುವುದನ್ನು ನೋಡಿ, ನಿಯಮಗಳನ್ನು ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಬಂದಿದ್ದರು.

ಎರಡು ಚೆಸ್ ಬೋರ್ಡು, ನಾಲ್ಕು ಜನ, ಇಬ್ಬಿಬ್ಬರ ಜೋಡಿ. ಜೋಡಿಯ ಇಬ್ಬರೂ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂರುತ್ತಾರೆ. ಒಬ್ಬನಿಗೆ ಬಿಳಿ ಕಾಯಿ, ಇನ್ನೊಬ್ಬನಿಗೆ ಕಪ್ಪು. ಕಪ್ಪು ಆಡುವವನು ಎದುರಾಳಿಯ ಬಿಳಿ ಕುದುರೆಯನ್ನು ಹೊಡೆದನೆಂದುಕೊಳ್ಳಿ. ಅದು ಡಬ್ಬಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಬಿಳಿ ಆಡುತ್ತಿರುವ ಜೊತೆಗಾರನ ಕೈಗೆ ಹೋಗುತ್ತದೆ. ಅವನು ತನ್ನ ಸರದಿ ಬಂದಾಗ ಬೋರ್ಡಿನ ಮೇಲಿನ ಕಾಯಿ ನಡೆಸುವ ಬದಲು ಆ ಕುದುರೆಯನ್ನು ಬೇಕಾದ ಖಾಲಿ ಮನೆಯಲ್ಲಿ ಇಡಬಹುದು. ಎರಡರಲ್ಲಿ ಯಾವ ಬೋರ್ಡಿನಲ್ಲಿ ಮೊದಲು ರಾಜ ಸಿಕ್ಕಿಬಿದ್ದರೂ ಆ ರಾಜನ ಜೋಡಿ ಇಡಿಯಾಗಿ ಸೋತಂತೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರು ಬಸ್ ನಿಲ್ದಾಣದ ಹತ್ತಿರ ಒಂದು ಸೈಕಲ್ ಶಾಪಿನ ಮೇಲಿನ ಕೋಣೆ ಚೆಸ್ ಸಂಘದ್ದಾಗಿತ್ತು. ನಾನು ಒಂದು ಜಿಲ್ಲಾ ಪತ್ರಿಕೆಯಲ್ಲಿ ಉಪಸಂಪಾದಕ. ನನ್ನ ಪಾಳಿ ಸಂಜೆ ಐದೂವರೆಗೆ ಶುರು. ಡಾಕ್ಟರ ಕ್ಲಿನಿಕ್ಕು ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯುತ್ತಿದ್ದುದು ಆರಕ್ಕೆ. ಮೂರನೆಯವರು ನಿವೃತ್ತ ಪೋಸ್ಟ್ ಮಾಸ್ಟರು, ಅವರಿಗೆ ಯಾವ ಹೊತ್ತಾದರೂ ಸರಿ. ನಾಲ್ಕನೆಯವರು ನನ್ನ ಜೊತೆಗಾರ. ಗುಬ್ಬಿಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅಂತರಸನಹಳ್ಳಿಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಎಂದರೆ ಕಬ್ಬಿಣದ ತಗಡನ್ನು ಯಂತ್ರದ ಡೈ ಎಂಬ ಅಚ್ಚಿನಲ್ಲಿ ಒತ್ತಿ ಭಾಗಗಳನ್ನು ಮಾಡುವ ಕಡೆ, ಕೆಲಸ. ಬೆಳಗಿನ ಪಾಳಿ ಮೂರು ಗಂಟೆಗೆ ಮುಗಿಯುತ್ತಿತ್ತು. ಮೂರೂವರೆಗೆ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾಗುತ್ತಿತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು, ಪತ್ರಿಕೆಯವನೆಂಬ ಕಾರಣಕ್ಕೆ, ಸಾರ್ ಎನ್ನುತ್ತಿದ್ದರು.

ಐದು ಗಂಟೆಗೆ ಸಂಘದ ಕಾರ್ಯದರ್ಶಿ ಬರುತ್ತಿದ್ದರು. ಅವರು ನಿವೃತ್ತ ಡ್ರಿಲ್ ಮಾಸ್ಟರು. ಒಮ್ಮೆ ಬೇಗ ಬಂದವರು ನಮ್ಮ ಜೋಡಿ ಆಟವನ್ನು ಬಾಗಿಲಲ್ಲಿ ನಿಂತು ನೋಡಿದರು.

‘ಇದು ಚೆಸ್ಸಲ್ಲ ಕಣ್ರಯ್ಯ, ಸಂತೆ. ಸತ್ತೋರನ್ನ ಎಬ್ಬಿಸ್ಕಂಡ್ ಬಂದು ಪಕ್ಕದ್ಮನೇಲಿ ಕೂರಿಸ್ತೀರಾ? ಇನ್ನೊಂದ್ ಸಲ ಈ ರೂಮಲ್ಲಿ ಕಂಡ್ರೆ ಬೀಗದ ಕೈ ಇಸ್ಕತೀನಿ’ ಎಂದರು.

ಬೀಗದ ಕೈ ಪೋಸ್ಟ್ ಮಾಸ್ಟರ ಹತ್ತಿರ ಇರುತ್ತಿತ್ತು. ನಾವು ಆಟ ಬಿಡಲಿಲ್ಲ. ನಾಲ್ಕೂ ಮುಕ್ಕಾಲಕ್ಕೆ ನಿಲ್ಲಿಸಿ, ಬೋರ್ಡುಗಳನ್ನು ದೂರ ಸರಿಸಿ, ಕಾರ್ಯದರ್ಶಿಗಳ ಸ್ಕೂಟರು ಕೆಳಗೆ ನಿಲ್ಲುವ ಹೊತ್ತಿಗೆ ನಾಲ್ಕು ಜನ ಸಭ್ಯ ಆಟಗಾರರಾಗಿ ಕೂತಿರುತ್ತಿದ್ದೆವು. ಆಟ ಬಿಟ್ಟೆವೆಂದೇ ಅವರು ನಂಬಿದ್ದರು; ಅವರಿಗೆ ಹೇಳಕೂಡದೆಂದು ನಾಲ್ವರೂ ಮಾತಾಡಿಕೊಂಡಿದ್ದೆವು.

ಆ ಆಟದ ಲೆಕ್ಕಾಚಾರವೇ ಬೇರೆ. ಸಾಮಾನ್ಯ ಚೆಸ್ಸಿನಲ್ಲಿ ಆನೆ ಕುದುರೆಗಿಂತ ದೊಡ್ಡದು. ಇಲ್ಲಿ ಕೈಯಲ್ಲಿರುವ ಕುದುರೆ ಬೋರ್ಡಿನ ಮೇಲಿನ ಆನೆಗಿಂತ ಭಾರ. ಆನೆಯೋ ಒಂಟೆಯೋ ದೂರದಿಂದ ಶಹ ಕೊಟ್ಟರೆ ನಡುವೆ ಕೈಯಲ್ಲಿರುವ ಒಬ್ಬ ಸೈನಿಕನನ್ನು ಇಟ್ಟು ತಡೆಯಬಹುದು. ಕುದುರೆಯ ಶಹಕ್ಕೆ ಅಡ್ಡ ಇಡಲು ಮನೆಯೇ ಇಲ್ಲ. ರಾಜನ ಪಕ್ಕದ ಒಂಟೆಯ ಮುಂದೆ ನಿಂತ ಸೈನಿಕನನ್ನು ಕಾಯಲು ಆರಂಭದಲ್ಲಿ ರಾಜನೊಬ್ಬನೇ ಇರುತ್ತಾನೆ; ಅಲ್ಲಿ ಒಂದು ಒಂಟೆಯನ್ನು ಬಲಿಕೊಟ್ಟು ರಾಜನನ್ನು ಈಚೆ ಎಳೆದು, ಸುತ್ತಲಿನ ಖಾಲಿ ಮನೆಗಳಲ್ಲಿ ಒಂದೊಂದಾಗಿ ಕಾಯಿ ಇಡುತ್ತ ಹೋದರೆ ಅವನಿಗೆ ಉಸಿರಾಡಲು ಬಿಡುವಿರುವುದಿಲ್ಲ. ಹಾಗೆಯೇ, ನಾನು ಕಳೆದುಕೊಂಡ ಕಾಯಿ ನನ್ನ ಜೊತೆಗಾರನ ಎದುರಾಳಿಗೆ ಹೋಗುತ್ತದೆ. ನನ್ನ ಬೋರ್ಡಿನಲ್ಲಿ ಲಾಭವಾಗಿ ಕಂಡ ವಿನಿಮಯ ಪಕ್ಕದ ಬೋರ್ಡಿನಲ್ಲಿ ಅವನ ರಾಜನನ್ನು ಕೊಲ್ಲಬಹುದು.

ಎಲ್ಲಕ್ಕಿಂತ ಮುಖ್ಯವಾದ ತಂತ್ರ ಕಾಯುವುದು. ನನ್ನ ಸರದಿ ಬಂದಿದೆ, ಕುದುರೆಯೊಂದು ಸಿಕ್ಕರೆ ಆಟ ಮುಗಿಯುತ್ತದೆ, ಆದರೆ ಕೈ ಖಾಲಿ. ಆಗ ನಾನು ಏನನ್ನೂ ಆಡದೆ, ಗಡಿಯಾರ ಓಡುತ್ತಿದ್ದರೂ ಸುಮ್ಮನೆ ಕೂರುತ್ತಿದ್ದೆ. ಜೊತೆಗಾರ ತನ್ನ ಬೋರ್ಡಿನಿಂದ ಹೇಗಾದರೂ ಒಂದು ಕುದುರೆ ತಂದುಕೊಡಬೇಕು. ಅದಕ್ಕಾಗಿ ಅವರು ತಮ್ಮ ರಾಣಿಯನ್ನೇ ಕೊಟ್ಟದ್ದುಂಟು. ಗೆಲ್ಲುತ್ತಿದ್ದ ಆಟವನ್ನು ನನಗಾಗಿ ಹಾಳುಮಾಡಿಕೊಂಡದ್ದು ಹತ್ತಾರು ಸಲ. ಶಹಮಾತು ಹೇಳುತ್ತಿದ್ದವನು ನಾನು. ನಿಜವಾದ ಚೆಸ್ಸಿನಲ್ಲಿ ಅವರು ನನಗಿಂತ ಬಹಳ ಮೇಲು, ಅದು ನಾಲ್ವರಿಗೂ ಗೊತ್ತಿತ್ತು.

ತೊಂದರೆ ಇದ್ದದ್ದು ಕೇಳುವ ವಿಷಯದಲ್ಲಿ. ಜೋಡಿ ಆಟದಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಕೂಗಿ ಹೇಳಬಹುದು. ಪ್ರೆಸ್ ಶಾಪಿನ ಹತ್ತು ಹನ್ನೆರಡು ವರ್ಷ ನನ್ನ ಜೊತೆಗಾರರ ಕಿವಿಯನ್ನು ಮಂದಮಾಡಿತ್ತು. ಎದುರಿಗೆ ನಿಂತು ಮಾತಾಡಿದರೆ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅದನ್ನು ನಾನು ಅವರ ಕಿವಿಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಉಳಿದಿದೆ ಎಂದು ಅರ್ಥಮಾಡಿಕೊಂಡಿದ್ದೆ. ಪಕ್ಕದಲ್ಲಿ ಕೂತು ಎಷ್ಟು ಕಿರುಚಿದರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ನಾನು ಎರಡು ಸನ್ನೆ ಗೊತ್ತುಮಾಡಿದೆ. ಮೇಜಿನ ಅಂಚಿನ ಕೆಳಗೆ ನನ್ನ ಎಡಗೈ ಅಂಗೈ ಮೇಲಾಗಿ ತೆರೆದಿದ್ದರೆ, ಹೊಡೆದದ್ದನ್ನು ತಕ್ಷಣ ಕೊಡಿ ಎಂದು. ಮುಷ್ಟಿ ಕಟ್ಟಿದ್ದರೆ, ಈಗ ಏನನ್ನೂ ಹೊಡೆಯಬೇಡಿ, ಏನನ್ನೂ ಕಳೆದುಕೊಳ್ಳಬೇಡಿ ಎಂದು.

ಮೊದಮೊದಲು ಅವರು ಹೊಡೆದ ಕಾಯಿಯನ್ನು ತಮ್ಮ ಬೋರ್ಡಿನ ಪಕ್ಕದಲ್ಲೇ ಇಟ್ಟು ಮರೆಯುತ್ತಿದ್ದರು. ನಾನು ರೇಗುತ್ತಿದ್ದೆ. ಎದ್ದು ಅವರ ಮುಂದೆ ಹೋಗಿ ನಿಂತು, ‘ಅಣ್ಣ, ಹೊಡೆದ್ ತಕ್ಷಣ ಕೈಗೆ. ನೋಡ್ಲೂಬೇಡಿ, ಯೋಚ್ನೆನೂ ಮಾಡ್ಬೇಡಿ. ಕೈಗೆ’ ಎನ್ನುತ್ತಿದ್ದೆ.

‘ಪ್ರೆಸ್ಸಲ್ಲೂ ಹಂಗೇಯ ಸಾರ್’ ಎಂದು ಅವರು ನಗುತ್ತಿದ್ದರು. ‘ಕಣ್ಣು ಡೈ ಮೇಲೆ, ಕೈ ಪಕ್ಕುಕ್ಕೆ. ಕೈಗೆ ಅದ್ರದೇ ಬುದ್ಧಿ ಬತ್ತದೆ, ಒಂದ್ ತಿಂಗ್ಳು ಬೇಕು ಅಷ್ಟೆ.’

ಅಷ್ಟೇ ಬೇಕಾಯಿತು. ಆಮೇಲೆ ಅವರ ಬಲಗೈ ಕಾಯಿ ಹೊಡೆದು ಎತ್ತುವುದು, ನೋಡದೆಯೇ ಬಲಕ್ಕೆ ಬಂದು ನನ್ನ ಅಂಗೈಯಲ್ಲಿ ಇಡುವುದು, ಹಿಂದಿರುಗಿ ಗಡಿಯಾರ ಒತ್ತುವುದು ಒಂದೇ ಚಲನೆಯಾಯಿತು. ಪೋಸ್ಟ್ ಮಾಸ್ಟರು, ‘ನೋಡಯ್ಯ, ನಮ್ ಪೋಸ್ಟಾಫೀಸಲ್ಲೂ ಇಷ್ಟ್ ಬೇಗ ಟಪಾಲು ಬಟವಾಡೆ ಆಗ್ತಿರ್ಲಿಲ್ಲ’ ಎಂದು ಗೊಣಗುತ್ತಿದ್ದರು.

ಆ ವರ್ಷ ಗುಬ್ಬಿಯ ಒಂದು ಖಾಸಗಿ ಶಾಲೆಯವರು ಮಕ್ಕಳಿಗೆ ಚೆಸ್ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಆಗ ಎಲ್ಲ ಶಾಲೆಗಳಿಗೂ ಚೆಸ್ಸಿನ ಹುಚ್ಚು. ನನ್ನ ಜೊತೆಗಾರ ಹೋಗಿ ಕೇಳಿದರು. ಶಾಲೆಯವರು ಒಂದೇ ಷರತ್ತು ಹಾಕಿದರು: ಜಿಲ್ಲಾ ತಂಡದಲ್ಲಿ ಆಡಿದ ಸರ್ಟಿಫಿಕೇಟು ತರಬೇಕು; ತಂದರೆ ಕಾಯಂ ಕೆಲಸ. ಕಿವಿಯ ಡಾಕ್ಟರು ಅವರಿಗೆ ಆಗಲೇ ಹೇಳಿದ್ದರು: ಪ್ರೆಸ್ ಶಾಪು ಬಿಡದಿದ್ದರೆ ಉಳಿದಿರುವ ಕಿವಿಯೂ ಹೋಗುತ್ತದೆ ಎಂದು.

‘ಇಸ್ಕೂಲಲ್ಲಿ ಮಕ್ಳು ಕೇಳೋದು ಕೇಳ್ಸುತ್ತಾ ಅಣ್ಣ?’ ಎಂದು ನಾನೊಮ್ಮೆ ಕೇಳಿದೆ.

‘ಚೆಸ್ಸಲ್ಲಿ ಕಿವಿ ಎಲ್ ಬೇಕು ಸಾರ್. ಸುಮ್ನಿರಿ ಅಂತ ಬಯ್ಯೋ ಕೆಲ್ಸಾನೇ ಇರಾಕಿಲ್ಲ ನಂಗೆ’ ಎಂದರು.

ಜಿಲ್ಲಾ ತಂಡದ ಆಯ್ಕೆ ಕುಣಿಗಲ್ಲಿನಲ್ಲಿ ನಡೆಯಿತು. ಒಂದು ಕಲ್ಯಾಣ ಮಂಟಪ, ಎರಡು ದಿನ, ನಾಲ್ಕು ನಾಲ್ಕು ಜನರ ತಂಡಗಳು, ಐದು ಸುತ್ತು. ಎಲ್ಲ ತಂಡಗಳಿಂದ ಅತಿ ಹೆಚ್ಚು ಅಂಕ ಪಡೆದ ಐವರು ಜಿಲ್ಲಾ ತಂಡಕ್ಕೆ. ನಮ್ಮ ಕೋಣೆಯ ತಂಡ ಎಂದರೆ ನಾವು ನಾಲ್ವರೇ. ಮೊದಲ ಬೋರ್ಡಿನಲ್ಲಿ ನನ್ನ ಜೊತೆಗಾರ, ಎರಡನೆಯದರಲ್ಲಿ ನಾನು, ಆಮೇಲೆ ಡಾಕ್ಟರು, ಪೋಸ್ಟ್ ಮಾಸ್ಟರು. ತಂಡದವರೆಲ್ಲ ಒಂದೇ ಬದಿಯಲ್ಲಿ ಸಾಲಾಗಿ ಕೂರಬೇಕು, ಒಂದು ಬಿಟ್ಟು ಒಂದು ಬೋರ್ಡಿಗೆ ಬಿಳಿ ಮತ್ತು ಕಪ್ಪು. ನಮ್ಮ ಕಾರ್ಯದರ್ಶಿಗಳೇ ಮುಖ್ಯ ತೀರ್ಪುಗಾರರು.

ಕೊನೆಯ ಸುತ್ತು ಕುಣಿಗಲ್ಲಿನ ತಂಡದ ಮೇಲೆ. ಅದರಲ್ಲಿ ಡ್ರಾ ಮಾಡಿಕೊಂಡರೂ ನನ್ನ ಜೊತೆಗಾರರ ಆಯ್ಕೆ ಖಚಿತವಿತ್ತು. ಅವರಿಗೆ ಕಪ್ಪು ಬಂತು, ಎದುರಿಗೆ ಒಬ್ಬ ವಕೀಲರ ಗುಮಾಸ್ತ. ಬಲಪಕ್ಕದಲ್ಲಿ ನಾನು, ಬಿಳಿ ಕಾಯಿ. ನಾವು ದಿನವೂ ಕೂರುತ್ತಿದ್ದ ಹಾಗೆಯೇ ಕೂತಿದ್ದೆವು, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ.

ಹದಿನೈದನೆಯದೋ ಹದಿನಾರನೆಯದೋ ನಡೆ. ನಾನು ನನ್ನ ಬೋರ್ಡಿನಲ್ಲಿ ಮುಳುಗಿದ್ದೆ. ಎದುರಾಳಿಯ ರಾಜನ ಹತ್ತಿರ ಒಂದು ಮನೆ ಖಾಲಿಯಿತ್ತು. ಅಲ್ಲೊಂದು ಕುದುರೆ ಇದ್ದಿದ್ದರೆ ಆಟ ಮುಗಿಯುತ್ತಿತ್ತು ಎಂದು ನಾನು ಯೋಚಿಸುತ್ತಿದ್ದದ್ದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ನನ್ನ ಎಡಗೈ ಮೇಜಿನ ಅಂಚಿನ ಕೆಳಗಿತ್ತು. ಅಂಗೈ ಮೇಲಾಗಿತ್ತು. ತೆರೆದಿತ್ತು.

ಅದರೊಳಗೆ ಒಂದು ಬಿಳಿ ಕುದುರೆ ಬಂದು ಕೂತಿತು.

ನನ್ನ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು. ಒಂದು ಕ್ಷಣ, ಒಂದೇ ಕ್ಷಣ, ನಾನು ಆ ಖಾಲಿ ಮನೆಯ ಕಡೆ ಕೈ ಎತ್ತಲು ಹೊರಟಿದ್ದೆ. ಆಮೇಲೆ ಎಚ್ಚರವಾಯಿತು. ಕುದುರೆಯನ್ನು ಅವರ ಬೋರ್ಡಿನ ಪಕ್ಕದಲ್ಲಿಟ್ಟೆ. ನನ್ನ ಸರದಿಯಾಗಿತ್ತು, ಗಾಬರಿಯಲ್ಲಿ ಕೈಗೆ ಸಿಕ್ಕ ನಡೆ ಆಡಿದೆ. ಅದೂ ಕುದುರೆಯ ನಡೆ.

ಗುಮಾಸ್ತ ಕೈ ಎತ್ತಿದ. ‘ಕೈಸನ್ನೆ ಮಾಡ್ತಾವ್ರೆ ಸಾರ್. ಕುದ್ರೆ ಆಡು ಅಂತ ಕುದ್ರೆನೇ ಕೊಟ್ರು, ಇವ್ರು ಕುದ್ರೆ ಆಡಿದ್ರು.’

ಹಿಂದಿನ ಸಾಲಿನಲ್ಲಿ ಯಾರೋ, ‘ಕುಣಿಗಲ್ಲಿಗೆ ಬಂದು ಕುದ್ರೆ ಯಾಪಾರ ಕಣ್ಲಾ’ ಎಂದರು. ಕುದುರೆ ಫಾರಮ್ಮಿಗೆ ಹೆಸರಾದ ಊರಲ್ಲವೇ, ನಾಲ್ಕು ಜನ ನಕ್ಕರು.

ಕಾರ್ಯದರ್ಶಿಗಳು ಬಂದರು. ಎರಡೂ ಗಡಿಯಾರ ನಿಲ್ಲಿಸಿ ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ಮೊದಲು ನನ್ನ ಜೊತೆಗಾರರನ್ನು ಕೇಳಿದರು: ‘ಏನಯ್ಯ ಇದು?’

‘ಕೈ ತಪ್ತು ಸಾರ್.’

‘ಕೈ ತಪ್ಪಿ ಪಕ್ಕದವ್ನ ಕೈಗೆ ಹೋಗುತ್ತೇನಯ್ಯ?’

ಜೊತೆಗಾರರು ನನ್ನ ಕಡೆ ತಿರುಗಿ ನನ್ನ ಮುಖ ನೋಡಿದರು. ಜೋಡಿ ಆಟದ ವಿಷಯ ಹೇಳಕೂಡದೆಂದು ನಾಲ್ವರೂ ಒಪ್ಪಿದ್ದೆವು. ಆ ಮಾತನ್ನು ಮುರಿಯುವುದೋ ಬೇಡವೋ ಎಂಬುದನ್ನು ಅವರು ನನಗೆ ಬಿಟ್ಟಿದ್ದರು.

ಕಾರ್ಯದರ್ಶಿಗಳು ನನ್ನತ್ತ ತಿರುಗಿದರು. ‘ನೀನ್ ಹೇಳಪ್ಪ. ಪತ್ರಿಕೆಯವ್ನು ನೀನು. ಕಂಡದ್ದನ್ನ ಕಂಡ ಹಾಗೆ ಹೇಳು.’

ನಾನು ಹೇಳಿದೆ: ‘ಅವ್ರು ಕುದುರೆ ಹೊಡೆದ್ರು ಸಾರ್. ನನ್ನ ಕೈಯಲ್ಲಿಟ್ರು. ನಾನು ಕೇಳಿರ್ಲಿಲ್ಲ.’

‘ಆಟ ಶುರುವಾದ್ಮೇಲೆ ಇಬ್ರೂ ಏನಾದ್ರೂ ಮಾತಾಡ್ಕಂಡ್ರಾ?’

‘ಇಲ್ಲ ಸಾರ್.’

ಒಂದೂ ಸುಳ್ಳಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ನಾನು ಬೇರೆಯವರ ವರದಿ ತಿದ್ದುವಾಗ ಮೊದಲು ನೋಡುತ್ತಿದ್ದದ್ದು ಏನು ಬರೆದಿದ್ದಾರೆ ಎಂಬುದನ್ನಲ್ಲ, ಏನನ್ನು ಬಿಟ್ಟಿದ್ದಾರೆ ಎಂಬುದನ್ನು. ನಾನು ಬಿಟ್ಟದ್ದು ಒಂದೇ ವಾಕ್ಯ. ನನ್ನ ಕೈ ತೆರೆದಿತ್ತು, ತೆರೆದಾಗ ಕೊಡಬೇಕೆಂದು ನಾನೇ ಅವರಿಗೆ ಕಲಿಸಿದ್ದೆ ಎಂಬ ವಾಕ್ಯ. ಯಾಕೆ ಬಿಟ್ಟೆ ಎಂಬುದಕ್ಕೆ ಆಗ ನನಗೆ ನಾನೇ ಕೊಟ್ಟುಕೊಂಡ ಕಾರಣ, ನಾಲ್ವರ ಮಾತು. ಆದರೆ ಅದನ್ನು ಹೇಳಿದ್ದರೆ ಕೋಣೆಯ ಬೀಗದ ಕೈ ಹೋಗುತ್ತಿತ್ತು, ಅಷ್ಟೆ. ನಿಜವೆಂದರೆ ನನ್ನ ಆಟವೂ ರದ್ದಾಗುತ್ತದೆಂದು ಹೆದರಿದೆ. ನಾನು ಆ ಆಟವನ್ನು ಗೆಲ್ಲುವುದರಲ್ಲಿದ್ದೆ.

ಜೊತೆಗಾರರ ಆಟ ಸೋಲೆಂದು ಬರೆದುಕೊಂಡರು. ನನಗೆ ಎಚ್ಚರಿಕೆ ಕೊಟ್ಟು ಆಡಲು ಬಿಟ್ಟರು. ನಾನು ಗೆದ್ದೆ. ಸಂಜೆ ಐವರ ಪಟ್ಟಿ ಓದಿದರು. ಐದನೆಯ ಹೆಸರು ನನ್ನದು, ಆರನೆಯ ಸ್ಥಾನ ಅವರದು.

ತುಮಕೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಡಾಕ್ಟರು ಮತ್ತು ಪೋಸ್ಟ್ ಮಾಸ್ಟರು ಮುಂದೆ ಎಲ್ಲೋ ಇದ್ದರು. ಹೆಬ್ಬೂರು ದಾಟಿದ ಮೇಲೆ ಜೊತೆಗಾರರು ಇಡೀ ಮೈಯನ್ನು ನನ್ನ ಕಡೆ ತಿರುಗಿಸಿ, ‘ನಿಮ್ಮಾಟಾನೂ ಕೆಡಿಸ್ಬುಡ್ತಿದ್ದೆ ಸಾರ್’ ಎಂದರು.

‘ಇಲ್ಲಣ್ಣ.’

‘ಕೈ ಸಿಕ್ತು, ಇಟ್ಟೆ.’ ಆಮೇಲೆ ಕೇಳಿದರು: ‘ಅವ್ರು ಕೇಳ್ದಾಗ ನೀವೇನಂದ್ರಿ?’

ಅವರಿಗೆ ಕೇಳಿಸಿರಲಿಲ್ಲ ಎಂದುಕೊಂಡೆ. ‘ಅಭ್ಯಾಸ ಬಲ, ಬೇಕೂಂತ ಮಾಡಿದ್ದಲ್ಲ ಅಂದೆ ಅಣ್ಣ. ಅವ್ರು ಒಪ್ಲಿಲ್ಲ’ ಎಂದೆ.

ನನ್ನ ಮುಖವನ್ನು ಇನ್ನೂ ಒಂದು ಗಳಿಗೆ ನೋಡಿದರು. ‘ಹಂಗಾ’ ಎಂದರು. ‘ಒಳ್ಳೇದಾಯ್ತು ಬುಡಿ’ ಎಂದು ಕಿಟಕಿಯ ಕಡೆ ತಿರುಗಿದರು.

ಮರುದಿನದ ಪತ್ರಿಕೆಗೆ ವರದಿಯನ್ನೂ ನಾನೇ ಬರೆದೆ. ‘ನಿಯಮ ಉಲ್ಲಂಘನೆಗಾಗಿ ಒಂದು ಆಟ ರದ್ದಾಯಿತು’ ಎಂದು ಒಂದು ಸಾಲು, ಹೆಸರಿಲ್ಲದೆ. ಹೆಸರು ಬಿಟ್ಟದ್ದನ್ನು ಉಪಕಾರವೆಂದುಕೊಂಡಿದ್ದೆ.

ಅವರು ಮತ್ತೆ ಕೋಣೆಗೆ ಬರಲಿಲ್ಲ. ಪಾಳಿ ಮುಗಿಸಿ ನೇರವಾಗಿ ಗುಬ್ಬಿಗೆ ಹೋಗುತ್ತಾರಂತೆ ಎಂದು ಡಾಕ್ಟರು ಹೇಳಿದರು. ಮೂರು ಜನರಿಗೆ ಜೋಡಿ ಆಟ ಆಗುವುದಿಲ್ಲ. ಒಂದು ಮಧ್ಯಾಹ್ನ ಕಾಯಿಗಳನ್ನು ಜೋಡಿಸುತ್ತ ಪೋಸ್ಟ್ ಮಾಸ್ಟರು ತಲೆ ಎತ್ತದೆ ಹೇಳಿದರು: ‘ನೀನ್ ಹೇಳ್ತೀಯ ಅಂತ ನಾನು ಸುಮ್ನಿದ್ದೆ ಕಣಯ್ಯ.’

‘ನೀವೂ ಹೇಳ್ಬೋದಿತ್ತಲ್ಲ.’

‘ನನ್ನನ್ನ ಕೇಳ್ಲಿಲ್ವಲ್ಲ.’

ಆ ಮಾತಿಗೆ ನಾನು ಸಿಟ್ಟಾದೆ. ಅದು ನನ್ನದೇ ತರ್ಕವಾಗಿತ್ತೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಆ ಸರ್ಟಿಫಿಕೇಟು ನನಗೆ ಬಂತು. ಅದರಿಂದ ನನಗೆ ಯಾವ ಕೆಲಸವೂ ಆಗಬೇಕಾಗಿರಲಿಲ್ಲ, ಆಗಲೂ ಇಲ್ಲ.

ಏಳೆಂಟು ವರ್ಷ ಕಳೆದವು. ನಾನು ಡೆಸ್ಕಿನಿಂದ ವರದಿಗಾರಿಕೆಗೆ ಬಂದಿದ್ದೆ. ಅಂತರಸನಹಳ್ಳಿಯ ಕಾರ್ಖಾನೆಗಳ ಸದ್ದು, ಕೆಲಸಗಾರರ ಕಿವಿ, ಇದರ ಮೇಲೆ ಒಂದು ಲೇಖನ ಬರೆಯಲು ಹೇಳಿದರು. ಒಂದು ಪ್ರೆಸ್ ಶಾಪಿಗೆ ಅನುಮತಿ ಸಿಕ್ಕಿತು. ಅದು ನನ್ನ ಜೊತೆಗಾರರದೇ ಶಾಪು ಎಂದು ನನಗೆ ಗೊತ್ತಿತ್ತು. ಅವರು ಅಲ್ಲಿ ಈಗಲೂ ಇರಬಹುದೆಂದೂ ಗೊತ್ತಿತ್ತು. ಇರಲಿಕ್ಕಿಲ್ಲವೆಂದು ಹೇಳಿಕೊಂಡು ಹೋದೆ.

ಒಳಗೆ ಹೋದಾಗ ಮೊದಲು ಸದ್ದು ಎದೆಗೆ ಹೊಡೆಯಿತು. ಎರಡು ಸಾಲು ಯಂತ್ರಗಳು, ಒಂದೊಂದು ಏಟಿಗೂ ನೆಲ ನಡುಗುತ್ತಿತ್ತು. ನನ್ನ ಜೊತೆ ಬಂದಿದ್ದ ಸೂಪರ್‌ವೈಸರ್ ಏನೋ ಹೇಳಿದರು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಯಂತ್ರಗಳ ಮುಂದೆ ನಿಂತವರು ಹರಟುತ್ತಿದ್ದರು. ಒಬ್ಬ ಈ ಸಾಲಿನಿಂದ ತುಟಿ ಆಡಿಸಿದ. ಇಪ್ಪತ್ತಡಿ ಆಚೆಯ ಸಾಲಿನವನು ನಕ್ಕು ತುಟಿಯಲ್ಲೇ ಏನೋ ಬೈದ. ಇನ್ನೊಬ್ಬ ಅದನ್ನು ಕಂಡು ತಲೆಯಾಡಿಸಿದ. ಯಾರ ಬಾಯಿಂದಲೂ ದನಿ ಬರುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ. ಸೂಪರ್‌ವೈಸರ್, ‘ಇಲ್ಲಿ ಎರಡ್ ವರ್ಷ ಇದ್ರೆ ಎಲ್ರೂ ತುಟಿ ನೋಡೇ ಮಾತು ತಿಳ್ಕಂತಾರೆ ಸಾರ್. ಹಳಬ್ರಂತೂ ದೂರ್ದಿಂದ ನಾವು ಪಿಸುಗುಟ್ಟಿದ್ರೂ ಹಿಡೀತಾರೆ. ಅವ್ರ ಮುಂದೆ ಗುಟ್ಟು ಮಾತಾಡಂಗೇ ಇಲ್ಲ’ ಎಂದು ನಕ್ಕರು.

ನಾನು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡೆ. ಬರೆಯುತ್ತಿರುವಾಗಲೇ ಕುಣಿಗಲ್ಲಿನ ಕಲ್ಯಾಣ ಮಂಟಪ ಕಣ್ಣಮುಂದೆ ಬಂತು. ನಾನು ಕಾರ್ಯದರ್ಶಿಗಳಿಗೆ ಮೂರು ವಾಕ್ಯ ಹೇಳುವಾಗ ಜೊತೆಗಾರರು ನನ್ನ ಮುಖವನ್ನೇ ನೋಡುತ್ತಿದ್ದರು. ಸಹಾಯ ಕೇಳುತ್ತಿದ್ದಾರೆಂದು ನಾನು ತಿಳಿದಿದ್ದೆ. ಅವರು ಓದುತ್ತಿದ್ದರು. ಬಸ್ಸಿನಲ್ಲಿ ‘ನೀವೇನಂದ್ರಿ’ ಎಂದು ಕೇಳಿದ್ದು, ಗೊತ್ತಿದ್ದೂ ಕೇಳಿದ್ದು.

ಪಾಳಿ ಬಿಡುವ ತನಕ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತೆ. ಮೂರು ಗಂಟೆಗೆ ಅವರು ಬಂದರು. ತಲೆ ಬೆಳ್ಳಗಾಗಿತ್ತು. ಗುರುತು ಹಿಡಿದು ನಿಂತರು. ನಾನು ಎದುರಿಗೆ ನಿಂತು ಹೇಳಿದೆ: ‘ಅಣ್ಣ, ಅವತ್ತು ನನ್ನ ಕೈ ತೆರೆದಿತ್ತು. ನಾನು ಹೇಳ್ಲಿಲ್ಲ. ಬಸ್ಸಲ್ಲಿ ನಿಮ್ಗೆ ಸುಳ್ಳು ಹೇಳ್ದೆ.’

‘ನಂಗ್ಯಾಕ್ ಸಾರ್ ಹೇಳ್ತೀರ, ನಂಗೊತ್ತಲ್ಲ’ ಎಂದರು. ಕಿವಿ ಪೂರ್ತಿ ಹೋದವರ ಏರುದನಿ. ಅಂಗಡಿಯವನು ತಿರುಗಿ ನೋಡಿದ. ‘ಕೇಳ್ದೋರು ಸೆಕ್ರೆಟ್ರಿ. ಅವ್ರಿಗ್ ಹೇಳಿ.’

ಸೈಕಲ್ಲು ಹತ್ತಿ ಹೊರಟುಹೋದರು.

ಕಾರ್ಯದರ್ಶಿಗಳಿಗೆ ಆಗ ಎಪ್ಪತ್ತು ದಾಟಿತ್ತು. ಅವರ ಮನೆಗೆ ಹೋಗಿ ಜೋಡಿ ಆಟ, ಸನ್ನೆ, ಅಂಗೈ, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಆಮೇಲೆ ಗುಬ್ಬಿ ಸ್ಕೂಲಿನೋರು ನನಗೆ ಫೋನ್ ಮಾಡಿದ್ರಪ್ಪ’ ಎಂದರು. ‘ಸರ್ಟಿಫಿಕೇಟು ಇಲ್ದಿದ್ರೂ ಪರವಾಗಿಲ್ಲ, ನೀವು ಒಂದ್ ಮಾತು ಒಳ್ಳೇದು ಹೇಳಿದ್ರೆ ತಗೋತೀವಿ ಅಂದ್ರು. ಆಟದಲ್ಲಿ ಮೋಸ ಮಾಡೋನು ಮಕ್ಕಳಿಗೆ ಬೇಡ ಅಂದೆ. ನಿನ್ನ ಮಾತಿನ ಮೇಲೆ ಅಂದೆ.’

ಅವರೇ ಲೆಟರ್‌ಹೆಡ್ ಹುಡುಕಿ ತೆಗೆದು, ಆ ದಿನದ ಘಟನೆ ಉದ್ದೇಶಪೂರ್ವಕ ಮೋಸವಲ್ಲವೆಂದೂ ತಮ್ಮ ತೀರ್ಪು ತಪ್ಪೆಂದೂ ಬರೆದರು. ಸಹಿ ಹಾಕಿ, ‘ನೀನೂ ಹಾಕು’ ಎಂದು ಪೆನ್ನು ಕೊಟ್ಟರು. ಹಾಕಿದೆ.

ಭಾನುವಾರ ಗುಬ್ಬಿಗೆ ಹೋದೆ. ಅವರು ಮನೆಯ ಜಗಲಿಯಲ್ಲಿದ್ದರು. ಹೆಂಡತಿ ನನಗೆ ಚಾಪೆ ಹಾಸಿ, ಕಾಫಿ ತಂದಿಟ್ಟು, ಬಾಗಿಲ ಹತ್ತಿರ ನಿಂತರು. ನಾನು ಕೊಟ್ಟ ಕಾಗದವನ್ನು ಜೊತೆಗಾರರು ಎರಡು ಸಲ ಓದಿದರು.

‘ಇಸ್ಕೂಲಲ್ಲೀಗ ಚೆಸ್ಸಿಲ್ಲ ಸಾರ್. ಅಬಾಕಸ್ಸಂತೆ’ ಎಂದರು. ದೂರುವ ದನಿಯಿರಲಿಲ್ಲ, ಊರಿನ ಸುದ್ದಿ ಹೇಳುವ ಹಾಗೆ ಹೇಳಿದರು.

‘ಏನ್ ಕಾಗ್ದ ಅದು?’ ಎಂದು ಹೆಂಡತಿ ಅವರ ಭುಜ ಮುಟ್ಟಿ, ಮುಖ ತಮ್ಮ ಕಡೆ ತಿರುಗಿಸಿಕೊಂಡು ಕೇಳಿದರು.

‘ಕುಣಿಗಲ್ ಆಟ್ದಾಗೆ ನಾನು ಮೋಸ ಮಾಡಿಲ್ಲ ಅಂತ ಬರ್ಕೊಟ್ಟವ್ರೆ.’

ಆಕೆಯ ಮುಖದಲ್ಲಿ ಸಂತೋಷ ಬರಲಿಲ್ಲ. ‘ಮಾಡಿದೀಯ ಅಂತ ಯಾವಾಗಂದಿದ್ರು? ಸೋತೆ, ಅದ್ಕೆ ಇಸ್ಕೂಲ್ನೋರು ಬ್ಯಾಡ ಅಂದ್ರು ಅಂತ ತಾನೆ ನೀನಂ‌ದಿದ್ದು?’

ಅವರು ಕಾಗದವನ್ನು ಮಡಿಸಿದರು. ಅಷ್ಟು ವರ್ಷ ಮನೆಯೊಳಗೆ ಬಾರದ ಹಾಗೆ ಅವರು ತಡೆದಿಟ್ಟಿದ್ದ ಮಾತನ್ನು ನಾನು ಲೆಟರ್‌ಹೆಡ್ಡಿನ ಮೇಲೆ ಬರೆಸಿ ತಂದು ಜಗಲಿಯಲ್ಲಿ ಇಟ್ಟಿದ್ದೆ.

‘ಯಾರು ಹಂಗಂದೋರು?’ ಎಂದು ಆಕೆ ಮತ್ತೆ ಕೇಳಿದರು. ಕೇಳಿದ್ದು ಗಂಡನನ್ನು. ಅವರು ಹೆಂಡತಿಯ ಮುಖದಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು.

‘ನಾನೇ ಕಣಮ್ಮ’ ಎಂದೆ.

ಆಕೆ ಬಗ್ಗಿ, ನಾನಿನ್ನೂ ಮುಟ್ಟದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.